ಚೂಡಾಮಣಿ ಹೊಸಿಲು ದಾಟಿದ್ದು

ನಾಲ್ಕು ಎಂದು ಬರೆದಿದ್ದರೆ ಸಾಕಿತ್ತು. ಮಾಗಡಿ ಬಸ್ಸಿನಲ್ಲಿ ಒಂದು ಕೈಯನ್ನು ಮೇಲಿನ ಕಂಬಿಗೆ ಕೊಟ್ಟು, ಇನ್ನೊಂದರಲ್ಲಿ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದ ತಾಹೇರಾಳ ತಲೆಯಲ್ಲಿ ಅದೇ ಮಾತು ಸುತ್ತುತ್ತಿತ್ತು. ಮೊದಲು ಬರೆದದ್ದು ನಾಲ್ಕು ಎಂದೇ. ಅಷ್ಟರಲ್ಲಿ ಕನಕಪುರದಿಂದ ಹೇಮಶ್ರೀ ತಾನು ಈ ತಿಂಗಳು ಓದಲಿರುವ ಐದು ಪುಸ್ತಕಗಳನ್ನು ಒಂದರ ಮೇಲೊಂದಿಟ್ಟು, ಪಕ್ಕದಲ್ಲಿ ಹಬೆಯಾಡುವ ಕಾಫಿ ಲೋಟ ಇಟ್ಟು, ಫೋಟೋ ತೆಗೆದು ‘ತಿಂಗಳ ಓದು’ ವಾಟ್ಸಾಪ್ ಗುಂಪಿಗೆ ಹಾಕಿದಳು. ಆ ಕಾಫಿಯ ಹಬೆಯೇ ತಾಹೇರಾಳನ್ನು ಕೆಣಕಿದ್ದು. ಹಬೆ ಇರುವಾಗಲೇ ಕಾಫಿ ಕುಡಿಯುವಷ್ಟು ಪುರುಸೊತ್ತು ಯಾವ ಹೆಂಗಸಿಗಿದೆ? ನಾಲ್ಕನ್ನು ಅಳಿಸಿ ಆರು ಮಾಡಿದಳು. ಎರಡು ಕಾದಂಬರಿ, ಒಂದು ಆತ್ಮಕತೆ, ಒಂದು ಪ್ರವಾಸದ್ದು, ಒಂದು ನಾಟಕ, ಕೊನೆಗೆ ಇದೂ ಇರಲಿ ಎಂದು ಒಂದು ತತ್ತ್ವಶಾಸ್ತ್ರದ್ದು. ಕೂಡಲೇ ಚಪ್ಪಾಳೆಯ ಚಿತ್ರಗಳು ಸಾಲಾಗಿ ಬಂದವು. ಹೇಮಶ್ರೀ ಬರೆದಳು: ‘ಸೂಪರ್ ತಾಹೇರಾ! ನಿನ್ನ ಕನ್ನಡಪ್ರೇಮ ನೋಡಿ ನಾವು ಕಲಿಯಬೇಕು.’ ಚನ್ನಪಟ್ಟಣದ ಕಾಲೇಜಿನ ಮೆಟ್ಟಿಲ ಮೇಲೆ, ಇಬ್ಬರೂ ಎರಡು ಜಡೆ ಹಾಕುತ್ತಿದ್ದ ಕಾಲದಲ್ಲಿ ಇದೇ ಹೇಮಶ್ರೀ ಇದೇ ದನಿಯಲ್ಲಿ, ‘ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀಯ ಕಣೇ ನೀನು’ ಎಂದಿದ್ದಳು. ಹೊಗಳಿಕೆಯೇ ಅದು. ಮನಸ್ಸಿನಲ್ಲಿ ಕೆಟ್ಟದ್ದಿಟ್ಟುಕೊಂಡು ಆಡಿದ್ದಲ್ಲ. ಆದರೂ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಆ ಮಾತು ಇಷ್ಟು ವರ್ಷವೂ ಹೋಗಿರಲಿಲ್ಲ. ಮೂಡಲಪಾಳ್ಯದ ಬೀದಿ ನಲ್ಲಿಯ ಪಕ್ಕದ ಮನೆಯಲ್ಲಿ ಹುಟ್ಟಿ, ಬೀದಿಯ ಎಲ್ಲ ಬೈಗುಳಗಳನ್ನೂ ಕನ್ನಡದಲ್ಲೇ ಕಲಿತವಳು ಮತ್ತೆ ಹೇಗೆ ಮಾತಾಡಬೇಕಿತ್ತು? ಆರು ಪುಸ್ತಕ ಆ ಮಾತಿಗೆ ಕೊಟ್ಟ ಉತ್ತರ. ತಡವಾಗಿ ಕೊಟ್ಟ, ಭಾರವಾದ ಉತ್ತರ. ಅದರಲ್ಲಿ ಎಲ್ಲಕ್ಕಿಂತ ದಪ್ಪದ್ದು ಈಗ ಚೀಲದೊಳಗಿಂದ ಅವಳ ಪಕ್ಕೆಲುಬಿಗೆ ಒತ್ತುತ್ತಿತ್ತು.

ಮನೆಯಲ್ಲಿ ಯಾರೂ ನಗದೆ ಇರಲಿಲ್ಲ. ಪಿಯುಸಿ ಓದುವ ಮಗಳು ಮಹ್ವಿಶ್, ತಾಯಿಗಾಗಿ ಬಣ್ಣ ಬಣ್ಣದ ಟೈಮ್‌ಟೇಬಲ್ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಹಸಿರು ಅಂದರೆ ಬಸ್ಸಿನಲ್ಲಿ ಓದುವ ಹೊತ್ತು, ಹಳದಿ ಅಂದರೆ ಅನ್ನ ಬೇಯುವ ಹೊತ್ತು, ನೀಲಿ ಅಂದರೆ ಆಸ್ಪತ್ರೆಯ ಊಟದ ಬಿಡುವು. ಗೂಡಿನ ಮಾರ್ಕೆಟ್ಟಿನಿಂದ ಬಂದ ಗಂಡ ನಿಯಾಜ್, ರೇಷ್ಮೆಗೂಡಿನ ವಾಸನೆಯ ಅಂಗಿ ಕಳಚುತ್ತ ಅದರ ಮುಂದೆ ನಿಂತು ಬಹಳ ಹೊತ್ತು ನೋಡಿದ. ‘ನನ್ನ ಹೆಸರು ಯಾವ ಬಣ್ಣದಲ್ಲೂ ಕಾಣಲ್ವಲ್ಲ’ ಎಂದ. ‘ನೀವು ಬಿಳಿ. ಖಾಲಿ ಇರೋ ಜಾಗ ಎಲ್ಲ ನಿಮ್ಮದೇ ಅಬ್ಬಾ’ ಎಂದಳು ಮಹ್ವಿಶ್. ಖಾಲಿ ಜಾಗವೇ ಇರಲಿಲ್ಲ. ಅತ್ತೆ ಸಫೂರಾ ಮಂಚದ ಮೇಲಿಂದಲೇ ಕೇಳಿದರು: ‘ಯಾವ ಪರೀಕ್ಷೆ ಬಹೂ, ಈ ವಯಸ್ಸಿಗೆ?’ ಪರೀಕ್ಷೆಯಲ್ಲ ಅಮ್ಮೀ, ಸುಮ್ಮನೆ ಎಂದಳು ತಾಹೇರಾ. ಸುಮ್ಮನೆ ಯಾರಾದರೂ ಆರು ಪುಸ್ತಕ ಓದುತ್ತಾರೆಯೇ ಎಂದು ಮುದುಕಿಗೆ ಅನುಮಾನ ಉಳಿಯಿತು. ಸೊಸೆ ಎಲ್ಲೋ ಫೇಲಾಗಿದ್ದಾಳೆ, ಮನೆಯವರಿಂದ ಮುಚ್ಚಿಡುತ್ತಿದ್ದಾಳೆ ಎಂದುಕೊಂಡು, ಸಂಜೆಯ ಮಗ್ರಿಬ್ ನಮಾಜಿನ ನಂತರ ಅವಳ ಹೆಸರಿಗೊಂದು ದುವಾ ಸೇರಿಸತೊಡಗಿದರು.

ಹಸಿರು ಬಣ್ಣವೇ ಮೊದಲು ಕೈಕೊಟ್ಟಿತು. ರಾಮನಗರದಿಂದ ಮಾಗಡಿಯವರೆಗೆ ಕೂರಲು ಸೀಟು ಸಿಗುವುದು ಹೆಂಗಸರಿಗೆ ಟಿಕೆಟ್ಟಿಲ್ಲ ಎಂದಾದ ಮೇಲೆ ನಿಂತುಹೋಗಿತ್ತು. ಮೊದಲು ಇಬ್ಬರು ಹೆಂಗಸರು ಹತ್ತುತ್ತಿದ್ದ ಕಡೆ ಈಗ ಊರಿಗೆ ಊರೇ ತವರಿಗೆ ಹೊರಟಂತಿತ್ತು. ಬಂಡೆಬೆಟ್ಟಗಳ ತಿರುವಿನಲ್ಲಿ ಬಸ್ಸು ವಾಲಿದಾಗ, ಒಂದು ಕೈಯಲ್ಲಿ ಆ ದಪ್ಪ ಕಾದಂಬರಿ ಹಿಡಿಯಲು ಹೋಗಿ, ಮುಂದೆ ಕೂತಿದ್ದ ಅಜ್ಜಿಯ ತಲೆಯ ಮೇಲೆ ಅದನ್ನು ಬೀಳಿಸಿ, ಬೈಸಿಕೊಂಡಳು. ಹಾಗಾಗಿ ಉಳಿದದ್ದು ಮಾಗಡಿಯಿಂದ ಕುದೂರಿಗೆ ಹೋಗುವ ಎರಡನೇ ಬಸ್ಸು ಮಾತ್ರ. ಅಲ್ಲಿ ಕಿಟಕಿಯ ಪಕ್ಕ ಸೀಟು ಸಿಗುತ್ತಿತ್ತು. ಕುದೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ತಾನು ಕೂರುವ ಔಷಧಿ ಕಿಟಕಿ ತೆರೆಯುವ ತನಕ ಅವಳಿಗೆಂದು ಉಳಿದಿದ್ದ ಒಂದೇ ಒಂದು ಹೊತ್ತು ಅದು. ಮೊದಲನೇ ದಿನ ಪುಸ್ತಕ ತೆರೆದು, ಚೂಡಾಮಣಿ ಎಂಬ ಹೆಂಗಸು ಗಂಡ ಬಿಟ್ಟುಹೋದ ದೊಡ್ಡ ಮನೆಯಲ್ಲಿ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತ, ಗಂಟು ಕಟ್ಟಿಕೊಂಡು ಹೊಸಿಲಿನ ಹತ್ತಿರ ಬಂದು ನಿಂತಳು ಎನ್ನುವಲ್ಲಿಗೆ ಬರುವಷ್ಟರಲ್ಲಿ, ಪಕ್ಕದಲ್ಲಿ ಯಾರೋ ಧೊಪ್ಪನೆ ಕೂತರು.

‘ಒಸಿ ಸರ್ಕೊಳಿ ಮೇಡಮ್ಮೋರೆ. ಏನು, ಲೆಕ್ಕದ ಬುಕ್ಕಾ?’

ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ಊಟದ ಕ್ಯಾರಿಯರ್. ಹೆಸರು ರೇವಮ್ಮ, ಮನೆ ಮಾಗಡಿಯಲ್ಲಿ, ಹೊಲ ಕುದೂರಿನ ದಾರಿಯ ಹುಣಸೆಮರದ ಗೇಟಿನ ಹತ್ತಿರ, ದಿನಾ ಬೆಳಿಗ್ಗೆ ಹೋಗಿ ಸಂಜೆ ಬರುವುದು, ಯಜಮಾನರು ಮೊಪೆಡ್ಡಿನಲ್ಲಿ ಮುಂದೆ ಹೋಗುತ್ತಾರೆ. ಇವೆಲ್ಲ ತಾಹೇರಾ ಕೇಳದೆಯೇ ಗೊತ್ತಾದವು. ‘ನಾನೂ ಗಾಡೀಲಿ ಕುಂತ್ರೆ ಮೇವಿನ ಹೊರೆಗೆ ಜಾಗ ಇಲ್ವಂತೆ. ಅದುಕ್ಕೆ ಹೊರೆ ಗಾಡೀಲಿ ಬತ್ತದೆ, ನಾನು ಬಸ್ನಾಗೆ ಬತ್ತೀನಿ.’ ತಾಹೇರಾ ನಕ್ಕು, ಕಣ್ಣನ್ನು ಪುಟಕ್ಕೆ ಇಳಿಸಿದಳು. ಅದು ಮಾತು ಮುಗಿಯಿತು ಎನ್ನುವ ಸೂಚನೆ ಎಂದು ಅವಳಿಗೆ ಗೊತ್ತಿತ್ತು, ರೇವಮ್ಮನಿಗೆ ಗೊತ್ತಿರಲಿಲ್ಲ. ‘ಅದ್ರಾಗೆ ಏನೈತೆ?’ ಎಂದಳು. ಕತೆ ಎಂದಳು ತಾಹೇರಾ. ‘ಏನ್ ಕತೆ?’ ಹೇಳದೆ ವಿಧಿಯಿರಲಿಲ್ಲ. ಗಂಟು, ಹೊಸಿಲು, ಒಳಗಿನಿಂದ ಕೂಗುವ ಅತ್ತೆ. ರೇವಮ್ಮ ಕ್ಯಾರಿಯರನ್ನು ಕಾಲಿನ ಸಂದಿಯಲ್ಲಿಟ್ಟು ಗಲ್ಲಕ್ಕೆ ಕೈಯಿಟ್ಟಳು. ‘ಅಮ್ಯಾಕೆ?’ ಎಂದಳು. ಅಷ್ಟೇ ಓದಿರೋದು ಎಂದಳು ತಾಹೇರಾ. ‘ಸರಿ, ನಾಳೆ ಯೋಳಿ’ ಎಂದು ಗೇಟಿನಲ್ಲಿ ಇಳಿದುಹೋದಳು ರೇವಮ್ಮ.

ನಾಳೆಯ ಹೊತ್ತಿಗೆ ತಾಹೇರಾ ಒಂದು ಸಾಲೂ ಮುಂದೆ ಹೋಗಿರಲಿಲ್ಲ. ಹಳದಿ ಬಣ್ಣದ ಹೊತ್ತಿನಲ್ಲಿ ಓದಲು ಹೋಗಿ ಅನ್ನ ತಳಹತ್ತಿತ್ತು. ನೀಲಿಯಲ್ಲಿ ಆಸ್ಪತ್ರೆಗೆ ಇನ್ಸುಲಿನ್ ಪೆಟ್ಟಿಗೆಗಳು ಬಂದಿಳಿದು, ಎಣಿಸಿ ಒಳಗಿಡುವುದರಲ್ಲಿ ಊಟವೇ ತಪ್ಪಿತ್ತು. ಆದರೆ ಮಾಗಡಿ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದ ರೇವಮ್ಮನ ಕಣ್ಣು ಮೊದಲು ಹುಡುಕಿದ್ದು ಸೀಟನ್ನಲ್ಲ, ತಾಹೇರಾಳನ್ನು. ‘ಏನ್ಮಾಡುದ್ಲು?’ ಎಂದು ನಿಂತಲ್ಲಿಂದಲೇ ಕೂಗಿ ಕೇಳಿದಳು. ಓದಲಿಲ್ಲ ಎಂದು ಹೇಳಬಹುದಿತ್ತು. ಆರು ಪುಸ್ತಕದ ಹೆಂಗಸು, ಆಸ್ಪತ್ರೆಯ ಫಾರ್ಮಸಿಸ್ಟು, ಚೆನ್ನಾಗಿ ಕನ್ನಡ ಮಾತಾಡುವವಳು ಓದಲಿಲ್ಲ ಎನ್ನುವುದು ಹೇಗೆ? ‘ದಾಟಿದ್ಲು’ ಎಂದುಬಿಟ್ಟಳು ತಾಹೇರಾ. ಯಾವಾಗಲಾದರೂ ದಾಟಲೇಬೇಕಲ್ಲ, ಇಲ್ಲದಿದ್ದರೆ ಅಷ್ಟು ದಪ್ಪ ಪುಸ್ತಕದಲ್ಲಿ ಮಿಕ್ಕ ಪುಟಗಳಲ್ಲಿ ಏನಿರುತ್ತದೆ ಎಂಬ ಧೈರ್ಯದ ಮೇಲೆ. ‘ದಾಟಿ?’ ದಾಟಿ, ಗಾಡಿಯೊಂದನ್ನು ಹತ್ತಿ, ಪೇಟೆಗೆ ಹೋದಳು. ‘ಪ್ಯಾಟೇಲಿ ಯಾರವ್ರೆ ಅವ್ಳಿಗೆ?’ ಯಾರೂ ಇಲ್ಲ. ಹೊಲಿಗೆ ಮಿಷನ್ನಿನ ಅಂಗಡಿಯೊಂದರ ಮುಂದೆ ನಿಂತಳು. ಬಾಯಿ ತೆರೆದಂತೆ ಮಾತು ಬರುತ್ತಿತ್ತು. ಗೇಟು ಬರುವ ಹೊತ್ತಿಗೆ ಚೂಡಾಮಣಿಗೆ ಕೆಲಸ ಸಿಕ್ಕಿ, ತಂಗಲು ದರ್ಜಿಯೊಬ್ಬನ ಹೆಂಡತಿಯ ಮನೆ ಸಿಕ್ಕಿತ್ತು. ಇಳಿಯುವಾಗ ರೇವಮ್ಮ ನಿಟ್ಟುಸಿರುಬಿಟ್ಟು, ‘ಸದ್ಯ’ ಎಂದಳು. ಆ ಒಂದು ಮಾತಿಗೆ ತಾಹೇರಾಳಿಗೆ ಇಡೀ ದಿನ ಉಲ್ಲಾಸ. ಕೆಮ್ಮಿನ ಔಷಧಿ ಕೊಡುವಾಗಲೂ ತನ್ನಷ್ಟಕ್ಕೆ ನಗುತ್ತಿದ್ದಳು. ಸಂಜೆ ರಾಮನಗರದ ಮನೆಯಲ್ಲಿ ಗೂಡು ಬೇಯಿಸುವ ಹಬೆ ಓಣಿಗೆಲ್ಲ ಹಬ್ಬಿರುವಾಗ, ಈರುಳ್ಳಿ ಹೆಚ್ಚುತ್ತ, ದರ್ಜಿಯ ಹೆಂಡತಿಗೆ ಎಷ್ಟು ಮಕ್ಕಳಿರಬೇಕು ಎಂದು ಯೋಚಿಸುತ್ತಿದ್ದವಳಿಗೆ ಪುಸ್ತಕ ಚೀಲದಿಂದ ಹೊರಗೇ ಬಂದಿಲ್ಲ ಎಂಬುದು ನೆನಪಾದದ್ದು ನಿಯಾಜ್, ‘ಆರರಲ್ಲಿ ಎಷ್ಟಾಯ್ತು ಮೇಡಂ?’ ಎಂದಾಗ.

ಹೀಗೆ ದಿನ ಕಳೆದವು. ಹೇಮಶ್ರೀ ಗುಂಪಿನಲ್ಲಿ ಎಲ್ಲರನ್ನೂ ಹೆಸರು ಹಿಡಿದು ವಿಚಾರಿಸಿದಳು. ‘ಮೂರನೆಯದರಲ್ಲಿದ್ದೇನೆ’ ಎಂದು ತಾಹೇರಾ ಬರೆದಳು. ಮೂರನೆಯ ದರ್ಜಿಯ ಅಂಗಡಿಯಲ್ಲಿ ಚೂಡಾಮಣಿ ಇದ್ದದ್ದು ನಿಜ. ಒಬ್ಬಳಿಗೆ ಓದಿದ್ದೇನೆಂದು ಸುಳ್ಳು, ಇನ್ನೊಬ್ಬಳಿಗೆ ಓದಿದ್ದೇ ಹೀಗಿದೆ ಎಂದು ಸುಳ್ಳು. ಎರಡರಲ್ಲಿ ಯಾವುದು ಹೆಚ್ಚು ಪಾಪ ಎಂದು ಬಸ್ಸಿನ ಕಿಟಕಿಗೆ ಹಣೆಯಿಟ್ಟು ತೂಗಿ ನೋಡುತ್ತಿದ್ದಳು. ತೂಕಕ್ಕೆ ಸಿಗುತ್ತಿರಲಿಲ್ಲ. ಆದರೆ ರೇವಮ್ಮನ ಎದುರು ಪಾಪವೆನ್ನುವುದು ಎಷ್ಟು ಸುಖವಾಗಿತ್ತೆಂದರೆ, ಒಂದು ದಿನ ತಾಹೇರಾ ಚೂಡಾಮಣಿಗೆ ಸೈಕಲ್ಲನ್ನೇ ಕಲಿಸಿಬಿಟ್ಟಳು. ಹೊಲಿದ ಬಟ್ಟೆಗಳನ್ನು ಮನೆಮನೆಗೆ ತಲುಪಿಸಲು. ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಕೆರೆಯ ಏರಿಯ ಮೇಲೆ, ಬಿದ್ದು, ಎದ್ದು, ಜನ ನಗುತ್ತಿರುವಾಗ.  ಗೇಟು ಹತ್ತಿರ ಬಂದಾಗ ರೇವಮ್ಮ ಮೆಲ್ಲಗೆ ಕೇಳಿದಳು:

‘ಎಷ್ಟು ವಯಸ್ಸು ಅಂದ್ರಿ ಆಯಮ್ಮಂಗೆ?’

ಪುಸ್ತಕದಲ್ಲಿ ಮೂವತ್ತರ ಹರೆಯ ಎಂದಿತ್ತು. ರೇವಮ್ಮನ ಮುಖದಲ್ಲಿ ಏನೋ ಕಂಡು, ‘ಐವತ್ತು ದಾಟಿದೆ’ ಎಂದಳು ತಾಹೇರಾ.

ಅದಾದ ಮೇಲೆ ರೇವಮ್ಮ ಬಸ್ಸಿಗೆ ಬರಲಿಲ್ಲ. ಮೊದಲ ದಿನ ತಾಹೇರಾ, ಇವತ್ತಾದರೂ ಓದೋಣ ಎಂದು ಪುಸ್ತಕ ತೆರೆದು ಸಂತೋಷದಿಂದ ಕಾಲು ಚಾಚಿದಳು. ಪಕ್ಕದ ಸೀಟು ಖಾಲಿ, ಗಾಳಿ ತಂಪು, ಮಹ್ವಿಶ್ ಬರೆದ ಹಸಿರಿನಷ್ಟೇ ಶುದ್ಧವಾದ ಹೊತ್ತು. ಒಂದೇ ಪ್ಯಾರಾವನ್ನು ಮಾಗಡಿ ಕೋಟೆಯ ತಿರುವಿನಿಂದ ಹುಣಸೆಮರದ ಗೇಟಿನ ತನಕ ಓದಿದಳು. ಹುಣಸೆಮರದ ಗೇಟಿನಲ್ಲಿ ತಲೆಯೆತ್ತಿ ಹೊಲದ ಕಡೆ ನೋಡಿದಳು. ಮಾರನೆಯ ದಿನವೂ ಅಷ್ಟೆ. ಅವಳ ಕಣ್ಣು ಅಕ್ಷರಗಳ ಮೇಲೆ ಹೋಗುತ್ತಿತ್ತು, ಕಿವಿ ಮಾತ್ರ ‘ಅಮ್ಯಾಕೆ?’ ಎನ್ನುವ ದನಿಗೆ ಕಾಯುತ್ತಿತ್ತು. ಕೊನೆಗೆ ತಾಳ್ಮೆಗೆಟ್ಟು, ಮಕ್ಕಳು ಕದ್ದು ಬೆಲ್ಲ ತಿನ್ನುವ ಹಾಗೆ ಕೊನೆಯ ಪುಟಕ್ಕೆ ಹಾರಿದಳು. ಅಲ್ಲಿ ಚೂಡಾಮಣಿ ಮುಂಬಾಗಿಲ ಅಗಳಿಯನ್ನು ಒಳಗಿನಿಂದ ಹಾಕಿಕೊಂಡು, ಅತ್ತೆಯ ಕೋಣೆಗೆ ದೀಪ ಒಯ್ಯುತ್ತಿದ್ದಳು. ತಾಹೇರಾ ಪುಸ್ತಕ ಮುಚ್ಚಿ ಅದರ ರಟ್ಟನ್ನೇ ನೋಡುತ್ತ ಕೂತಳು. ಆ ಹೆಂಗಸು ಹೊಸಿಲು ದಾಟಿಯೇ ಇರಲಿಲ್ಲ. ಅಷ್ಟು ಪುಟಗಳನ್ನೂ ಅವಳು ನಿಂತು, ಯೋಚಿಸಿ, ಕಳೆದಿದ್ದಳು.

ಆ ವಾರದ ಕೊನೆಗೆ ಔಷಧಿ ಕಿಟಕಿಯೊಳಗೆ ಚೀಟಿ ಹಿಡಿದ ಒರಟು ಕೈಯೊಂದು ಬಂತು. ಕೈಯ ಹಿಂದೆ ವಿಭೂತಿ ಬಳಿದ ಅಗಲ ಹಣೆ, ಹೆಗಲ ಮೇಲೆ ಟವೆಲ್ಲು. ‘ನೋವಿಗೆ ಬರ್ಕೊಟ್ಟವ್ರೆ, ಒಸಿ ಜೋರಾಗಿರೋದೇ ಕೊಡಿ ತಾಯಿ.’ ಚೀಟಿಯ ಮೇಲೆ ರೇವಮ್ಮ, ಗಂಡನ ಹೆಸರು ಕಾಡಸಿದ್ದಪ್ಪ ಎಂದಿತ್ತು. ತಾಹೇರಾಳ ಬೆರಳುಗಳು ಮಾತ್ರೆಯ ಪಟ್ಟಿಯ ಮೇಲೆ ನಿಂತವು. ಏನಾಯಿತು ಎಂದು ಕೇಳಿದಳು. 

‘ಏನಾಯ್ತದೆ ತಾಯಿ, ನಮ್ಮನೆಯೋಳು ಗಾಡಿ ಕಲೀತೀನಿ ಅಂತ ಓಗಿ ಮೋರಿಗೆ ಬಿದ್ದವ್ಳೆ. ಕೈ ಉಳುಕೈತೆ. ಈ ವಯಸ್ನಾಗೆ! ಬಸ್ನಾಗೆ ಯಾವಳೋ ಪುಸ್ತಕದ ಮೇಡಮ್ಮ ಬತ್ತಾಳಂತೆ. ಅವ್ಳು ತಲೆ ಕೆಡ್ಸಿ ಮಡ್ಗವ್ಳೆ. ಚೂಡಾಮಣಿ ಕಲ್ತ್ಳಂತೆ, ಅದುಕ್ಕೆ ಇವ್ಳೂ ಕಲೀಬೇಕಂತೆ. ಯಾರೇ ಅದು ಚೂಡಾಮಣಿ, ಯಾವೂರೋಳು, ಯಾರ ಮನೆ ಸೊಸೆ ಅಂದ್ರೆ ಯೋಳಕಿಲ್ಲ. ಸಿಕ್ಲಿ ಆ ಮೇಡಮ್ಮ ನನ್ ಕೈಗೆ, ಅವ್ಳನ್ನೇ ಗಾಡೀಲಿ ಕುಂಡ್ರುಸಿ ಮೋರಿಗೆ ಬುಡ್ತೀನಿ.’

‘ಬೆಳಿಗ್ಗೆ ಒಂದು, ಸಂಜೆ ಒಂದು, ಊಟ ಆದ್ಮೇಲೆ’ ಎಂದಳು ತಾಹೇರಾ.

‘ನೀವಾರ ಒಸಿ ಬುದ್ಧಿ ಯೋಳಿ ತಾಯಿ. ಅಲ್ಲೇ ಬೆಂಚಿನ ಮ್ಯಾಲೆ ಕುಂತವ್ಳೆ. ಓದಿರೋರ ಮಾತಾದ್ರೆ ಕೇಳ್ತಾಳೆ’ ಎಂದು, ಎರಡು ಕೈಯನ್ನೂ ಸೇರಿಸಿ ನಮಸ್ಕಾರ ಮಾಡಿ, ಕಾಡಸಿದ್ದಪ್ಪ ಗಾಡಿ ತೆಗೆಯಲು ಹೋದ. ಆ ನಮಸ್ಕಾರ ಬೈಗುಳಕ್ಕಿಂತ ಹೆಚ್ಚು ತಾಗಿತು. ತಾಹೇರಾ ಕಿಟಕಿಯ ಮುಂದಿನ ಸಾಲಿಗೆ ಒಂದು ನಿಮಿಷ ಎಂದು ಕೈಮಾಡಿ ಹೊರಗೆ ಬಂದಳು. ಬೆಂಚಿನ ಮೇಲೆ ಕೈಯನ್ನು ಬಟ್ಟೆಯಲ್ಲಿ ಕತ್ತಿಗೆ ಕಟ್ಟಿಕೊಂಡು ಕೂತಿದ್ದ ರೇವಮ್ಮ ಅವಳನ್ನು ಕಂಡು ಮುಖವೆಲ್ಲ ಅರಳಿಸಿದಳು. ಬಿದ್ದ ಮುಖವೇ ಅಲ್ಲ ಅದು. ‘ಮೇಡಮ್ಮೋರೆ, ಮೋರಿ ಅಡ್ಡ ಬರದೆ ಇದ್ದಿದ್ರೆ ಕಲ್ತೇಬುಡ್ತಿದ್ದೆ. ನಮ್ಮೋರು ಬೋ ಕ್ವಾಪ ಮಾಡ್ಕೊಂಡವ್ರೆ. ಅದಿರ್ಲಿ, ಮುಂದ್ಕೇನಾಯ್ತು?’ ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಎಂದು ತಾಹೇರಾಗೆ ತಿಳಿಯಿತು. ಪಕ್ಕದಲ್ಲಿ ಕೂತಳು.

‘ರೇವಕ್ಕ, ಅದು ಯಾವುದೂ ಪುಸ್ತಕದಲ್ಲಿಲ್ಲ. ನಾನು ಓದಿರಲಿಲ್ಲ. ಸುಮ್ನೆ ಕಟ್ಟಿ ಹೇಳಿದೆ. ಪುಸ್ತಕದಲ್ಲಿ ಅವಳು ಮನೆ ಬಿಟ್ಟು ಹೋಗೋದೇ ಇಲ್ಲ.’

ರೇವಮ್ಮ ಮೊದಲು ನಕ್ಕಳು. ಆಮೇಲೆ ತಾಹೇರಾಳ ಮುಖ ನೋಡಿ ನಗು ನಿಲ್ಲಿಸಿದಳು. ‘ಸೈಕಲ್ಲು?’ ಎಂದಳು. ಅದೂ ಇಲ್ಲ. ‘ದರ್ಜಿ ಹೆಂಡ್ತಿ?’ ಅವಳೂ ಇಲ್ಲ. ರೇವಮ್ಮನ ಕಣ್ಣು ಕೆಂಪಾದವು. ಕೈ ಉಳುಕಿದ್ದಕ್ಕೆ ಆಗದ ನೋವು ಈಗ ಆಗುತ್ತಿದೆಯೆಂಬಂತೆ ಆ ಕೈಯನ್ನು ಎದೆಗೆ ಒತ್ತಿಕೊಂಡಳು. ‘ನಮ್ ಓರಗಿತ್ತಿ ತಾವ ಜಗಳ ಆಡಿವ್ನಿ ಕಣವ್ವ ನಾನು. ಮನೆ ಬುಟ್ಟು ಓಗಿದ್ದು ತಪ್ಪು ಅಂದ್ಲು ಅವ್ಳು, ತಪ್ಪಲ್ಲ ಅಂದೆ ನಾನು. ಎರಡು ದಿನದಿಂದ ಮಾತ್ ಬುಟ್ಟಿವಿ. ಈಗ ನೋಡುದ್ರೆ ಆಯಮ್ಮ ಮನೆನೇ ಬುಟ್ಟಿಲ್ಲ ಅಂತೀರಾ?’ ತಾಹೇರಾ ಕ್ಷಮಿಸಿ ಎಂದಳು. ‘ಓದಿಲ್ಲ ಅಂದಿದ್ರೆ ನಾನೇನ್ ಒಡೀತಿದ್ನಾ? ನಂಗೆ ಓದಕ್ಕೆ ಬರಕಿಲ್ಲ ಅಂತ ತಾನೆ ಅಂಗೆ ಮಾಡಿದ್ದು?’ ಅಲ್ಲ, ನನಗೆ ನಾಚಿಕೆಯಾಯಿತು ಅದಕ್ಕೆ, ಎನ್ನಬೇಕೆಂದು ತಾಹೇರಾ ಬಾಯಿ ತೆರೆದಳು. ಹೊರಗೆ ಮೊಪೆಡ್ಡಿನ ಹಾರ್ನ್ ಕೇಳಿಸಿತು. ರೇವಮ್ಮ ಎದ್ದು ಹಿಂದೆ ನೋಡದೆ ಹೋದಳು. ಕಿಟಕಿಯ ಮುಂದಿನ ಸಾಲಿನಲ್ಲಿ ಯಾರೋ, ‘ಒಂದು ನಿಮಿಷ ಅಂದೋರು ಎಲ್ ಓದ್ರು?’ ಎಂದು ಕೂಗುತ್ತಿದ್ದರು.

ಮೊಪೆಡ್ಡಿನ ಕೀಲಿ ಗಂಡನ ಜೇಬು ಸೇರಿದ್ದರಿಂದ ರೇವಮ್ಮ ಮತ್ತೆ ಬಸ್ಸಿಗೆ ಬಂದಳು. ಬಂದವಳು ಮುಂದೆ, ಡ್ರೈವರ್ ಹಿಂದಿನ ಸೀಟಿನಲ್ಲಿ, ಬೆನ್ನು ಮಾಡಿ ಕೂತಳು. ಬೆನ್ನಿಗೆ ಇಷ್ಟೊಂದು ಮಾತಾಡಲು ಬರುತ್ತದೆಂದು ತಾಹೇರಾಗೆ ತಿಳಿದಿರಲಿಲ್ಲ. ಆ ಹಸಿರು ಕುಪ್ಪಸದ ಬೆನ್ನು, ಬಸ್ಸು ಎಗರಿದಾಗೆಲ್ಲ, ಸುಳ್ಳಿ ಸುಳ್ಳಿ ಎಂದು ಕುಲುಕುತ್ತಿತ್ತು. ಮನೆಯಲ್ಲಿ ಅನ್ನ ತಳಹತ್ತಲಿಲ್ಲ, ಯಾಕೆಂದರೆ ಅವಳು ಪುಸ್ತಕವನ್ನು ಮುಟ್ಟುತ್ತಲೇ ಇರಲಿಲ್ಲ. ಏನಾಯಿತು ಎಂದು ನಿಯಾಜ್ ಕೇಳಿದಾಗ ಎಲ್ಲ ಹೇಳಿದಳು. ನಗುತ್ತಾನೆಂದು ನಿರೀಕ್ಷಿಸಿದ್ದಳು. ಅವನು ನಗಲಿಲ್ಲ. ‘ಅಷ್ಟು ಚೆನ್ನಾಗಿ ಕತೆ ಕಟ್ಟೋಳು, ನನಗೊಂದು ದಿನಾನೂ ಹೇಳಲಿಲ್ಲವಲ್ಲ’ ಎಂದ. ತಮಾಷೆಯ ದನಿಯಲ್ಲೇ ಎಂದದ್ದು. ಆದರೂ ಫ್ರಿಜ್ಜಿನ ಮೇಲಿನ ಟೈಮ್‌ಟೇಬಲ್ಲನ್ನು ಮಾರನೆಯ ಬೆಳಿಗ್ಗೆ ತಾಹೇರಾ ಕಿತ್ತುಹಾಕಿದಳು. ಮಹ್ವಿಶ್‌ಗೆ ಬೇಸರವಾಯಿತು, ಸಫೂರಾ ಮಾತ್ರ ಕೈ ಮೇಲೆತ್ತಿ, ‘ಮುಗೀತಾ ಪರೀಕ್ಷೆ? ಅಲ್ ಹಮ್ದು ಲಿಲ್ಲಾಹ್’ ಎಂದರು.

ಎಷ್ಟು ದಿನ ಬೆನ್ನನ್ನು ನೋಡುವುದು? ಒಂದು ಬೆಳಿಗ್ಗೆ ಮಾಗಡಿಯಲ್ಲಿ ಬಸ್ಸು ಹತ್ತಿದ ತಾಹೇರಾ ತಾನೇ ಹೋಗಿ ರೇವಮ್ಮನ ಪಕ್ಕ ಕೂತಳು.  ಪುಸ್ತಕ ತೆರೆದು, ಮೊದಲನೇ ಸಾಲಿನಿಂದ, ಗಟ್ಟಿಯಾಗಿ ಓದತೊಡಗಿದಳು. ಒಂದೆರಡು ಅಕ್ಷರ ತೊದಲಿದಳು. ಮುಂದಿನವರು ತಿರುಗಿ ನೋಡಿದರು. ಕಂಡಕ್ಟರ್, ‘ಏನ್ ಮೇಡಂ, ಹರಿಕಥೆ ಶುರು ಮಾಡುದ್ರಾ?’ ಎಂದ. ರೇವಮ್ಮ ಕಿಟಕಿಯ ಹೊರಗೇ ನೋಡುತ್ತಿದ್ದಳು. ಗೇಟು ಬಂದಾಗ ಎದ್ದು, ಇಳಿಯುವ ಮುಂಚೆ, ಕಿಟಕಿಗೇ ಹೇಳುವಂತೆ ಹೇಳಿದಳು: ‘ಬರ್ದಿರೋದನ್ನ ಬರ್ದಂಗೇ ಓದ್ಬೇಕು. ಕೈಯಿಂದ ಆಕ್ಬಾರ್ದು.’

ಬರೆದ ಹಾಗೆ ಓದುವುದು ಇಬ್ಬರಿಗೂ ಶಿಕ್ಷೆಯಾಯಿತು. ಚೂಡಾಮಣಿ ನಿಂತಲ್ಲಿಂದ ಕದಲುತ್ತಿರಲಿಲ್ಲ. ಕಿಟಕಿಯಲ್ಲಿ ಮಾಗಡಿಯ ತಿರುಮಲೆ ಗುಡಿಯ ಗೋಪುರ ಹಿಂದೆ ಹೋದಾಗ ಹೊಸಿಲಿನ ಮೇಲಿನ ರಂಗೋಲಿಯನ್ನು ನೋಡುತ್ತಿದ್ದಳು, ಹುಣಸೆಮರ ಕಾಣಿಸಿದಾಗಲೂ ಅದನ್ನೇ ನೋಡುತ್ತಿದ್ದಳು. ‘ಇನ್ನೂ ನಿಂತವ್ಳಾ?’ ಎಂದು ರೇವಮ್ಮ ಹತ್ತುತ್ತಲೇ ಕೇಳುವಳು. ನಿಂತಿದ್ದಾಳೆ. ‘ಕಾಲು ನೋಯಕಿಲ್ವಾ ಅವ್ಳಿಗೆ? ಓಗ್ಲಿ, ಗಂಟಾದ್ರೂ ಕೆಳೀಕೆ ಮಡ್ಗವ್ಳಾ?’ ಇಟ್ಟಿಲ್ಲ. ‘ನೀವ್ ಯೋಳ್ದೋಳೇ ವಾಸಿ ಇದ್ಲು’ ಎಂದುಬಿಟ್ಟಳು ಒಂದು ದಿನ, ಎಂದ ಮೇಲೆ ತಾನು ಸಿಟ್ಟಿನಲ್ಲಿರಬೇಕಾದವಳು ಎಂದು ನೆನಪಾಗಿ ಬಿಗಿದುಕೊಂಡಳು. ತಾಹೇರಾಗೆ ನಗು ತಡೆಯಲಾಗಲಿಲ್ಲ. ರೇವಮ್ಮ ಸ್ವಲ್ಪ ಹೊತ್ತು ತಡೆದಳು, ಆಮೇಲೆ ಅವಳಿಗೂ ಆಗಲಿಲ್ಲ. ಇಬ್ಬರೂ ನಗುತ್ತಿದ್ದದ್ದನ್ನು ನೋಡಿ ಕಂಡಕ್ಟರ್ ಕೂಡ, ಕತೆ ಎಲ್ಲಿಗೆ ಬಂತೆಂದು ಕೇಳಿದ. ‘ಎಲ್ಲಿಗೂ ಬಂದಿಲ್ಲ ಕಣಪ್ಪ’ ಎಂದಳು ರೇವಮ್ಮ. ಓರಗಿತ್ತಿಯ ಜೊತೆ ಮಾತು ಶುರುವಾಗಿತ್ತಂತೆ. ಚೂಡಾಮಣಿ ಇನ್ನೂ ಹೊಸಿಲಲ್ಲೇ ನಿಂತಿರುವುದರಿಂದ ತಪ್ಪು ಯಾರದೆಂದು ಆಮೇಲೆ ನೋಡೋಣ ಎಂದು ಇಬ್ಬರಲ್ಲೂ ರಾಜಿಯಾಗಿತ್ತಂತೆ.

ತಿಂಗಳು ಮುಗಿದ ಸಂಜೆ ಗುಂಪಿನಲ್ಲಿ ಎಲ್ಲರೂ ಓದಿ ಮುಗಿಸಿದ ಪುಸ್ತಕಗಳ ಫೋಟೋ ಹಾಕಿದರು. ಹೇಮಶ್ರೀಯದು ಐದಕ್ಕೆ ಐದು, ಲೋಟದಲ್ಲಿ ಹಬೆ. ತಾಹೇರಾ ಬಹಳ ಹೊತ್ತು ಫೋನ್ ಹಿಡಿದು ಕೂತಳು. ಒಂದು ದೊಡ್ಡ ಸುಳ್ಳು ಬೆರಳ ತುದಿಯವರೆಗೂ ಬಂದು ನಿಂತಿತ್ತು. ‘ಒಂದು, ಅದೂ ಅರ್ಧ’ ಎಂದು ಬರೆದು, ಕಣ್ಣು ಮುಚ್ಚಿಕೊಂಡು ಕಳಿಸಿದಳು. ಹೇಮಶ್ರೀ ಕೈಮುಗಿದ ಚಿತ್ರವೊಂದನ್ನು ಹಾಕಿದಳು. ಅದು ಸಮಾಧಾನಕ್ಕೋ ಶ್ರದ್ಧಾಂಜಲಿಗೋ ಗೊತ್ತಾಗಲಿಲ್ಲ. ನೋವಾಗುತ್ತದೆಂದು ತಾಹೇರಾ ಕಾದಳು. ಆಗಲಿಲ್ಲ. ‘ಮುಂದಿನ ತಿಂಗಳ ಪಟ್ಟಿ ಕಳಿಸಿ’ ಎಂಬ ಸಂದೇಶ ಬಂದಾಗ, ಅದೇ ಪುಸ್ತಕದ ಹೆಸರನ್ನು ಬರೆದು ಮಹ್ವಿಶ್‌ಳ ಜಡೆ ಹೆಣೆಯಲು ಎದ್ದಳು.

ಅದಾದ ಒಂದೆರಡು ದಿನಕ್ಕೆ ರೇವಮ್ಮ ಬಸ್ಸು ಹತ್ತಿದವಳೇ ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. ಹಿಂದಿನ ದಿನ ರಾಗಿ ಒಕ್ಕಣೆಯಾಗಿತ್ತಂತೆ. ‘ನೀವ್ ಓದ್ತಿರಿ, ಕೇಳ್ತೀನಿ’ ಎಂದಳು. ತಾಹೇರಾ ಓದುತ್ತ ಹೋದಳು. ಪಕ್ಕದಿಂದ ಉಸಿರು ಒಂದೇ ಸಮನಾದಾಗ ದನಿ ತಗ್ಗಿಸಿದಳು, ಆಮೇಲೆ ದನಿಯೇ ಇಲ್ಲದೆ ಓದತೊಡಗಿದಳು. ಚೂಡಾಮಣಿ ಗಂಟನ್ನು ಕೊನೆಗೂ ಕೆಳಗಿಟ್ಟಿದ್ದಳು. ಒಳಗೆ ಹೋಗಿ, ಕಂಚಿನ ಬೋಗುಣಿಯಲ್ಲಿ ಬಿಸಿನೀರು ತಂದು, ಅತ್ತೆಯ ಪಾದವನ್ನು ಅದರಲ್ಲಿ ಅದ್ದಿ, ನೆನೆದ ಕಾಲುಗುರುಗಳನ್ನು ಒಂದೊಂದಾಗಿ ಕತ್ತರಿಸುತ್ತಿದ್ದಳು. ಮುದುಕಿ ಅವಳನ್ನು ಬೈಯುತ್ತಲೇ ಇದ್ದಳು. ಪಾದ ಮಾತ್ರ ಮಗುವಿನದರ ಹಾಗೆ ಅವಳ ಕೈಯಲ್ಲಿ ಹಗುರಾಗಿ ಕೂತಿತ್ತು. ತಾಹೇರಾಳಿಗೆ ತಾನು ಎಲ್ಲಿದ್ದೇನೆಂಬುದು ಹೊರಟುಹೋಯಿತು. ಮನೆಯಲ್ಲಿ ತನ್ನ ಅತ್ತೆ ಸಫೂರಾರ ಸೀಳಿದ ಹಿಮ್ಮಡಿ, ಸಕ್ಕರೆ ಕಾಯಿಲೆಯ ಕಾಲು, ಉಗುರು ತೆಗೆಯುವಾಗ ಚರ್ಮಕ್ಕೆ ತಗಲೀತು ಎಂದು ತಾನು ಉಸಿರು ಬಿಗಿಹಿಡಿಯುವುದು, ಆಗ ಮುದುಕಿ ಸೊಸೆಯ ತಲೆಯ ಮೇಲೆ ಯಾಕೋ ಕೈಯಿಡುವುದು, ಅದನ್ನು ಯಾರೂ ಯಾವತ್ತೂ ಯಾವ ಬಣ್ಣದಲ್ಲೂ ಬರೆದಿಲ್ಲ ಎಂದುಕೊಂಡಿದ್ದಳು. ಇಲ್ಲಿ ಬರೆದಿತ್ತು. ಯಾರೋ ಎಲ್ಲೋ ಕೂತು, ಅವಳನ್ನು ಕಾಣದೆಯೇ, ಪುಟದ ಮೇಲಿಂದ ಕೆಳಗಿನವರೆಗೆ ಬರೆದಿಟ್ಟಿದ್ದರು. ಪುಟ ತಿರುಗಿಸಿದಳು, ಇನ್ನೊಂದು ತಿರುಗಿಸಿದಳು, ಬಸ್ಸು ನಿಂತಿತು, ಹೊರಟಿತು, ಮತ್ತೆ ನಿಂತಿತು. ಇಂಜಿನ್ ಆಫ್ ಆದ ನಿಶ್ಶಬ್ದಕ್ಕೆ ಬೆಚ್ಚಿ ತಲೆಯೆತ್ತಿದಾಗ ಮುಂದೆ ಕುದೂರಿನ ಬಸ್ ಸ್ಟ್ಯಾಂಡ್ ಇತ್ತು. ಪಕ್ಕದಲ್ಲಿ ಕ್ಯಾರಿಯರ್ ಹಿಡಿದುಕೊಂಡು ರೇವಮ್ಮ ಕೂತಿದ್ದಳು.

‘ಅಯ್ಯೋ ರೇವಕ್ಕ! ನಿಮ್ಮ ಗೇಟು! ನಾನು ಎಬ್ಬಿಸಲೇ ಇಲ್ಲ!’

‘ನಾನೆಲ್ಲಿ ಮಲಗಿದ್ದೆ? ಗೇಟು ಬರೋಕ್ ಮುಂಚೆನೇ ಎಚ್ಚರ ಆಯ್ತು’ ಎಂದಳು ರೇವಮ್ಮ.

‘ಮತ್ತೆ ಇಳೀಲಿಲ್ಲ ಯಾಕೆ?’

‘ನೀವ್ ಕಾಲು ತೆಗೀಬೇಕಿತ್ತಲ್ಲ ನಾನು ಇಳೀಬೇಕಾದ್ರೆ. ನೋಡುದ್ರೆ ಅಂಗ್ ಕುಂತಿದ್ರಿ. ತುಟಿ ಆಡ್ತಿತ್ತು, ಕಣ್ಣಾಗೆ ನೀರು. ಎಂಗ್ ಕರೆಯೋದು?’ ರೇವಮ್ಮ ಸೆರಗಿನಿಂದ ಕ್ಯಾರಿಯರಿನ ಮುಚ್ಚಳ ಒರೆಸಿದಳು. ‘ನಮ್ಮೋರು ಹೊಲದಾಗೆ ಹಸ್ಕೊಂಡು ಕುಣೀತಾ ಇರ್ತಾರೆ. ಕುಣೀಲಿ ಬುಡಿ. ಅದೇನಾಯ್ತು ಯೋಳಿ ಈಗ.’

ಆಸ್ಪತ್ರೆಯ ಕಿಟಕಿಯ ಮುಂದೆ ಈ ಹೊತ್ತಿಗೆ ಸಾಲು ಶುರುವಾಗಿರುತ್ತದೆ. ತಾಹೇರಾ ಏಳಲಿಲ್ಲ. ಕಣ್ಣೊರೆಸಿಕೊಂಡಳು. 

‘ಏನೂ ಆಗ್ಲಿಲ್ಲ ರೇವಕ್ಕ. ಅತ್ತೆಯ ಕಾಲುಗುರು ಕತ್ತರಿಸಿದ್ಲು. ಅಷ್ಟೆ.’

‘ಅಷ್ಟೆನಾ?’

‘ಹ್ಞೂಂ. ಅಷ್ಟೆ.’

 ಡ್ರೈವರ್ ಇಳಿದು ಟೀ ಅಂಗಡಿಯ ಕಡೆ ಹೋಗುತ್ತಿದ್ದ. ತನ್ನ ಉಳುಕಿದ ಕೈಯನ್ನು ರೇವಮ್ಮ ಇನ್ನೊಂದು ಕೈಯಲ್ಲಿ ನಿಧಾನವಾಗಿ ನೀವಿಕೊಂಡಳು. ಆಮೇಲೆ ತಾಹೇರಾಳ ಕಡೆ ತಿರುಗಿ ಕೇಳಿದಳು:

‘ಎಡಗಾಲ್ದಾ, ಬಲಗಾಲ್ದಾ?’

ತಾಹೇರಾ ಪುಸ್ತಕ ತೆರೆದು, ಆ ಸಾಲು ಎಲ್ಲಿದೆಯೆಂದು ಇಬ್ಬರಿಗೂ ಕಾಣುವಂತೆ ಬೆರಳಿಟ್ಟು ಹುಡುಕತೊಡಗಿದಳು.